ವನಜಾ ಸಿಸ್ಟರ್‌ಗೆ ಕೊಟ್ಟ ವಿಟಮಿನ್ ಸಿ

2018ನೇ ಇಸವಿ. ಮುಂಬೈ ಪಕ್ಕದ ಠಾಣೆಯ ಮಾಜಿವಾಡಾ ಸಮೀಪದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಐಸಿಯು ಮುಖ್ಯಸ್ಥೆಯಾಗಿದ್ದೆ. ಹದಿನಾಲ್ಕು ಹಾಸಿಗೆಗಳ ಘಟಕ. ಧಾರವಾಡದಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಮುಂಬೈಯಲ್ಲಿ ಅನಸ್ತೇಶಿಯಾ ಓದಿ, ಠಾಣೆಯಲ್ಲಿ ನೆಲೆನಿಂತು ಆಗಲೇ ಇಪ್ಪತ್ತೆರಡು ವರ್ಷಗಳಾಗಿದ್ದವು. ಅಷ್ಟು ವರ್ಷಗಳಲ್ಲಿ ಕಂಡ ಸಾವುಗಳ ಲೆಕ್ಕ ನಾನು ಇಟ್ಟಿಲ್ಲ. ಆದರೆ ಒಬ್ಬರ ಒಂಬತ್ತು ದಿನಗಳು ಮಾತ್ರ ದಿನವಾರು ನೆನಪಿನಲ್ಲಿವೆ.

ಅವರು ನಮ್ಮ ಐಸಿಯುವಿನ ಸಿಸ್ಟರ್ ಇನ್‌ಚಾರ್ಜ್, ವನಜಾ. ವಯಸ್ಸು ನಲವತ್ತೊಂಬತ್ತು. ಊರು ಕಾರ್ಕಳದ ಕಡೆ, ಮನೆ ಡೊಂಬಿವಿಲಿಯಲ್ಲಿ. ಗಂಡ ಸದಾನಂದ ಅವರು ಅಲ್ಲಿನ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲೊಂದರ ಮ್ಯಾನೇಜರ್. ಒಬ್ಬಳೇ ಮಗಳು ಪ್ರಜ್ಞಾ, ಆಗ ಇಪ್ಪತ್ತೆರಡು ವರ್ಷದವಳು, ತುರ್ಭೆಯ ಒಂದು ಕಂಪನಿಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ವನಜಾ ಸಿಸ್ಟರ್‌ಗೆ ಹನ್ನೊಂದು ವರ್ಷಗಳಿಂದ ಸಕ್ಕರೆ ಕಾಯಿಲೆ ಇತ್ತು. ಅದನ್ನು ಯಾರೂ ನೆನಪಿಸುವಂತಿರಲಿಲ್ಲ, ಅವರಿಗೆ ಸಿಟ್ಟು ಬರುತ್ತಿತ್ತು.

ಐಸಿಯುವಿನಲ್ಲಿ ಕನ್ನಡ ಬರುತ್ತಿದ್ದುದು ನಮ್ಮಿಬ್ಬರಿಗೇ. ಅವರದು ಕರಾವಳಿಯ ಕನ್ನಡ, ನನ್ನದು ಧಾರವಾಡದ್ದು. ರೋಗಿಯ ಎದುರಿಗೆ ಹೇಳಬಾರದ ಸಂಗತಿಗಳನ್ನು ನಾವು ಕನ್ನಡದಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ಈ ರೋಗಿ ಉಳಿಯುವುದಿಲ್ಲ ಎಂಬುದನ್ನು ನಾನು ಎಷ್ಟೋ ಸಲ ಮೊದಲು ಹೇಳಿದ್ದು ಅವರೊಬ್ಬರಿಗೇ.

ಆಗಸ್ಟ್ ತಿಂಗಳ ಒಂದು ಮಂಗಳವಾರ. ಬೆಳಗಿನ ರೌಂಡಿನಲ್ಲಿ ಅವರು ಎಂದಿನಂತೆ ಫೈಲು ಹಿಡಿದು ನನ್ನ ಜೊತೆಗಿದ್ದರು. ಒಂಬತ್ತನೆಯ ಹಾಸಿಗೆಯಿಂದ ಹತ್ತನೆಯದಕ್ಕೆ ಹೋಗುವಾಗ ಹಿಂತಿರುಗಿ ನೋಡಿದರೆ ಅವರಿಲ್ಲ. ಔಷಧಿಯ ಟ್ರಾಲಿಯ ಮೇಲೆ ಎರಡೂ ಕೈ ಊರಿ ಬಗ್ಗಿ ನಿಂತಿದ್ದರು.

“ಏನಾತ್ರಿ ಸಿಸ್ಟರ್?”

“ಎಂತ ಇಲ್ಲ ಮೇಡಂ. ಗ್ಯಾಸ್. ಶನಿವಾರದಿಂದ ಉಂಟು.”

ಶನಿವಾರದಿಂದ ಅಂದರೆ ಮೂರು ದಿನ. ಇಬ್ಬರು ಸಿಬ್ಬಂದಿ ರಜೆಯಲ್ಲಿದ್ದರು, ಇವರು ಅವರ ಡ್ಯೂಟಿಯನ್ನೂ ಮಾಡಿದ್ದರು. ನಡುವೆ ಆಸಿಡಿಟಿ ಮಾತ್ರೆ, ನೋವಿನ ಮಾತ್ರೆ, ಮನೆಯಲ್ಲಿದ್ದ ಯಾವುದೋ ಆಂಟಿಬಯಾಟಿಕ್. ಬಹಳ ವರ್ಷದ ಸಕ್ಕರೆ ಕಾಯಿಲೆಯಲ್ಲಿ ನರಗಳು ಮಂದವಾಗಿ ಹೊಟ್ಟೆಯೊಳಗಿನ ದೊಡ್ಡ ನೋವೂ ಸಣ್ಣದಾಗಿ ಕಾಣಬಹುದು. ಇದನ್ನು ಹೊಸ ನರ್ಸುಗಳಿಗೆ ಪಾಠ ಮಾಡುತ್ತಿದ್ದವರು ಅವರೇ. ಪರದೆ ಎಳೆದು ಮಲಗಿಸಿ ಹೊಟ್ಟೆಯ ಮೇಲೆ ಕೈ ಇಟ್ಟೆ. ಹಲಗೆಯಂತೆ ಗಟ್ಟಿಯಾಗಿತ್ತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

“ಗಟ್ಟಿ ಆಗಿದೆ ಅಲ್ವಾ?” ಎಂದರು. ನಾನು ತಲೆಯಾಡಿಸಿದೆ.

ಎರಡು ಗಂಟೆಯೊಳಗೆ ಸಿ.ಟಿ. ಸ್ಕ್ಯಾನ್ ಮುಗಿದು ಆಪರೇಷನ್ ಥಿಯೇಟರಿನಲ್ಲಿದ್ದರು. ಅಪೆಂಡಿಕ್ಸ್ ಒಡೆದಿತ್ತು. ಬುಡದಲ್ಲೇ ಕೊಳೆತು, ಅಂಟಿಕೊಂಡಿದ್ದ ದೊಡ್ಡ ಕರುಳಿನ ತುದಿಯೂ ತೂತಾಗಿ, ಮಲ ಮತ್ತು ಕೀವು ಹೊಟ್ಟೆಯ ತುಂಬ ಹರಡಿತ್ತು. ಹೊಟ್ಟೆಯ ಒಳಪದರ ಹೀಗೆ ಸೋಂಕಿಗೆ ಸಿಗುವುದನ್ನು ಪೆರಿಟೊನೈಟಿಸ್ ಎನ್ನುತ್ತೇವೆ. ಸರ್ಜನ್ ಕೆಟ್ಟ ಭಾಗವನ್ನು ತೆಗೆದು, ಲೀಟರುಗಟ್ಟಲೆ ಸಲೈನಿನಿಂದ ಹೊಟ್ಟೆ ತೊಳೆದು, ಮಲ ಹೊರಹೋಗಲು ಕರುಳಿನ ತುದಿಯನ್ನು ಹೊಟ್ಟೆಯ ಹೊರಗೆ ತಂದು ಚರ್ಮಕ್ಕೆ ಹೊಲಿದರು. ಕೈಗವಸು ಬಿಚ್ಚುತ್ತಾ ಅವರು ಹೇಳಿದ್ದು ಒಂದೇ ಮಾತು: “ಶನಿವಾರವೇ ಬಂದಿದ್ದರೆ ಅರ್ಧ ಗಂಟೆಯ ಕೆಲಸ.”

ಬುಧವಾರ ಬೆಳಿಗ್ಗೆ ವೆಂಟಿಲೇಟರ್ ತೆಗೆದೆವು. ಅವರು ತಾವೇ ಪ್ರತಿದಿನ ಸಜ್ಜುಮಾಡುತ್ತಿದ್ದ ನಾಲ್ಕನೆಯ ಹಾಸಿಗೆಯಲ್ಲಿ ಮಲಗಿ, ಡ್ರಿಪ್ ಸರಿಯಾಗಿ ಕಟ್ಟಿಲ್ಲವೆಂದು ಕೈಸನ್ನೆಯಲ್ಲೇ ತಕರಾರು ಮಾಡಿದರು. ಎಲ್ಲರೂ ನಕ್ಕರು. ಮಧ್ಯಾಹ್ನದ ಹೊತ್ತಿಗೆ ಉಸಿರು ಏರತೊಡಗಿತು. ಬಿ.ಪಿ. ಎಂಬತ್ತಕ್ಕಿಳಿಯಿತು, ಮೂತ್ರ ಕಡಿಮೆಯಾಯಿತು.

ಸೆಪ್ಸಿಸ್ ಅಂದರೆ ಬರೀ ಸೋಂಕಲ್ಲ. ಸೋಂಕನ್ನು ಎದುರಿಸಲು ದೇಹ ಹೂಡುವ ಯುದ್ಧ ಹದ ತಪ್ಪಿ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ಸ್ಥಿತಿ. ರಕ್ತನಾಳಗಳು ಸಡಿಲಾಗುತ್ತವೆ, ಬಿ.ಪಿ. ಕುಸಿಯುತ್ತದೆ. ಜೀವಕೋಶಗಳು ಎಷ್ಟು ಸಂಕಟದಲ್ಲಿವೆ ಎಂಬುದನ್ನು ರಕ್ತದಲ್ಲಿನ ಲ್ಯಾಕ್ಟೇಟ್ ಹೇಳುತ್ತದೆ. ಅದು ಎರಡರ ಒಳಗಿರಬೇಕು. ಮಧ್ಯಾಹ್ನ ಮೂರಕ್ಕೆ ಅವರದು 6.8 ಇತ್ತು. ಮತ್ತೆ ವೆಂಟಿಲೇಟರ್ ಬೇಕಾಗಿತ್ತು. ನಾನು ಅವರ ತಲೆಯ ಹತ್ತಿರ ಹೋದೆ.

“ಲ್ಯಾಕ್ಟೇಟ್ ಎಷ್ಟು ಮೇಡಂ?”

“ಮೂರು,” ಅಂದೆ.

“ಮೂರಾದ್ರೆ ನೀವು ಟ್ಯೂಬ್ ಹಾಕ್ಲಿಕ್ಕೆ ಬರ್ತಿರಲಿಲ್ಲ,” ಅಂದರು. ಮತ್ತೆ ಎರಡು ಉಸಿರು ಎಳೆದುಕೊಂಡು, “ಪ್ರಜ್ಞಾನ ಹತ್ರ ಕನ್ನಡದಲ್ಲೇ ಮಾತಾಡಿ. ಅವಳಿಗೆ ಅರ್ಥ ಆಗ್ತದೆ. ಉತ್ತರ ಮರಾಠಿಯಲ್ಲಿ ಬರ್ತದೆ, ಅಷ್ಟೆ,” ಎಂದರು.

ಅದೇ ಅವರ ಕೊನೆಯ ಮಾತು. ಇಪ್ಪತ್ತೆರಡು ವರ್ಷಗಳಲ್ಲಿ ಯಾವ ರೋಗಿಗೂ ನಾನು ಸಂಖ್ಯೆ ಬದಲಿಸಿ ಹೇಳಿರಲಿಲ್ಲ. ಸಂಖ್ಯೆ ಅರ್ಥವಾಗುವ ಒಬ್ಬರಿಗೇ ಹೇಳಿದೆ.

ಗುರುವಾರ ಕಿಡ್ನಿ ಕೈಕೊಟ್ಟಿತು, ಡಯಾಲಿಸಿಸ್ ಶುರುವಾಯಿತು. ಬಿ.ಪಿ. ಹಿಡಿದಿಡುವ ನಾರ್‌ಅಡ್ರಿನಲಿನ್ ಔಷಧಿಯ ಪ್ರಮಾಣ ಏರುತ್ತಲೇ ಹೋಯಿತು. ಹೊಟ್ಟೆಯ ದ್ರವದ ಮೊದಲ ವರದಿ ಬಂತು. ನಮ್ಮಲ್ಲಿದ್ದ ಒಳ್ಳೆಯ ಆಂಟಿಬಯಾಟಿಕ್‌ಗಳಲ್ಲಿ ಹೆಚ್ಚಿನವಕ್ಕೆ ಬಗ್ಗದ ಬ್ಯಾಕ್ಟೀರಿಯಾ. ಉಳಿದಿದ್ದ ಹಳೆಯ, ಕಿಡ್ನಿಗೆ ಭಾರವಾದ ಒಂದು ಔಷಧಿಯನ್ನು ಕೊಡಲೇಬೇಕಾಯಿತು.

ಇಲ್ಲಿ ಆ ಕಾಲದ ಒಂದು ವಿಷಯ ಹೇಳಬೇಕು. ಸೆಪ್ಸಿಸ್‌ನಲ್ಲಿ ಬಿಳಿ ರಕ್ತಕಣಗಳು ಸೂಕ್ಷ್ಮಾಣುಗಳನ್ನು ಕೊಲ್ಲಲು ಆಮ್ಲಜನಕದ ಉಗ್ರ ರೂಪಗಳನ್ನು ಬಿಡುಗಡೆ ಮಾಡುತ್ತವೆ. ಫ್ರೀ ರ‍್ಯಾಡಿಕಲ್ ಎಂದು ಕರೆಯುವುದು ಇವನ್ನೇ. ಅವು ಮಿತಿಮೀರಿದರೆ ನಮ್ಮದೇ ಜೀವಕೋಶಗಳು ಸುಡುತ್ತವೆ. ಇದನ್ನು ತಣಿಸುವ ಪದಾರ್ಥಗಳು ಆಂಟಿಆಕ್ಸಿಡೆಂಟ್‌ಗಳು. ವಿಟಮಿನ್ ಸಿ ಅವುಗಳಲ್ಲಿ ಒಂದು. ತೀವ್ರ ಸೆಪ್ಸಿಸ್ ರೋಗಿಗಳ ರಕ್ತದಲ್ಲಿ ಅದು ತಳ ಮುಟ್ಟಿರುತ್ತದೆ ಎಂಬುದೂ ಗೊತ್ತಿತ್ತು. ಹಾಗಾದರೆ ರಕ್ತನಾಳಕ್ಕೇ ಹೆಚ್ಚು ಪ್ರಮಾಣದಲ್ಲಿ ಕೊಟ್ಟರೆ? ವಿಟಮಿನ್ ಸಿ, ಥಯಾಮಿನ್ ಎಂಬ ಬಿ1 ವಿಟಮಿನ್, ಸ್ಟೀರಾಯ್ಡ್ ಮೂರನ್ನೂ ಸೇರಿಸಿ ಕೊಟ್ಟರೆ ರೋಗಿಗಳು ಉಳಿಯುತ್ತಾರೆ ಎಂಬ ಸುದ್ದಿ ಆ ವರ್ಷಗಳಲ್ಲಿ ಐಸಿಯು ವೈದ್ಯರ ನಡುವೆ ಹಬ್ಬಿತ್ತು. ಸರಿಯಾದ ದೊಡ್ಡ ಪರೀಕ್ಷೆಗಳು ಇನ್ನೂ ಮುಗಿದಿರಲಿಲ್ಲ. ಔಷಧಿ ಅಗ್ಗ, ಎಲ್ಲೆಡೆ ಸಿಗುವಂಥದ್ದು, ಹೆಸರು ಕೇಳಿದರೆ ಕಿತ್ತಳೆ ಹಣ್ಣು ನೆನಪಾಗುವಂಥದ್ದು. ಅದರಿಂದ ಕೆಡುಕೇನಾದೀತು ಎಂದು ಅನೇಕರು ಕೊಡಲು ಶುರುಮಾಡಿದ್ದರು. ನಾನು ಅದುವರೆಗೆ ಕೊಟ್ಟಿರಲಿಲ್ಲ. ಪುರಾವೆ ಬರಲಿ ಎನ್ನುತ್ತಿದ್ದೆ.

ಗುರುವಾರ ಸಂಜೆ ಬರೆದೆ. ಆರು ಗಂಟೆಗೊಮ್ಮೆ ಒಂದೂವರೆ ಗ್ರಾಂ ವಿಟಮಿನ್ ಸಿ, ಜೊತೆಗೆ ಥಯಾಮಿನ್ ಮತ್ತು ಸ್ಟೀರಾಯ್ಡ್.

ಏಕೆ ಬರೆದೆ ಎಂದು ಆಮೇಲೆ ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೊಸ ಪುರಾವೆಯೇನೂ ಬಂದಿರಲಿಲ್ಲ. ಬಂದದ್ದು ಸದಾನಂದ ಅವರು. ದಿನವೂ ಡೊಂಬಿವಿಲಿಯಿಂದ ಲೋಕಲ್ ರೈಲು ಹಿಡಿದು ಠಾಣೆಗೆ, ಅಲ್ಲಿಂದ ಬಸ್ಸಿನಲ್ಲಿ ಮಾಜಿವಾಡಾಕ್ಕೆ ಬಂದು, ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಐಸಿಯು ಬಾಗಿಲ ಪಕ್ಕ ನಿಂತಿರುತ್ತಿದ್ದರು. ಆ ಸಂಜೆ ಅವರು ಕೇಳಿದರು, “ಇನ್ನು ಬೇರೆ ಎಂತಾದ್ರೂ ಉಂಟಾ ಮೇಡಂ?”

ಇಲ್ಲ ಎನ್ನಲು ನನ್ನ ನಾಲಿಗೆ ಏಳಲಿಲ್ಲ. “ಒಂದು ಹೊಸ ವಿಧಾನ ಐತಿ,” ಎಂದೆ. ಕಬ್ಬಿಣಕ್ಕೆ ತುಕ್ಕು ಹಿಡಿದಂತೆ ಸೆಪ್ಸಿಸ್‌ನಲ್ಲಿ ಅಂಗಗಳು ಕೆಡುತ್ತವೆ, ಈ ವಿಟಮಿನ್ ಆ ತುಕ್ಕನ್ನು ತಡೆಯಬಹುದು ಎಂದು ವಿವರಿಸಿದೆ. ‘ತಡೆಯಬಹುದು’ ಎಂದೇ ಹೇಳಿದೆ. ಅವರು ಕೇಳಿಸಿಕೊಂಡದ್ದು ‘ತಡೆಯುತ್ತದೆ’ ಎಂದು. ನನಗೆ ಅದು ಅವರ ಮುಖದಲ್ಲೇ ಕಂಡಿತು. ತಿದ್ದಲಿಲ್ಲ.

ಶುಕ್ರವಾರ ನಾರ್‌ಅಡ್ರಿನಲಿನ್ ಸ್ವಲ್ಪ ಇಳಿಸಲು ಸಾಧ್ಯವಾಯಿತು. ಲ್ಯಾಕ್ಟೇಟ್ ನಾಲ್ಕಕ್ಕೆ ಬಂತು. ಡಯಾಲಿಸಿಸ್‌ನಿಂದಲೋ, ಹೊಸ ಆಂಟಿಬಯಾಟಿಕ್‌ನಿಂದಲೋ, ವಿಟಮಿನ್‌ನಿಂದಲೋ, ಸ್ಟೀರಾಯ್ಡಿನಿಂದಲೋ, ಹೇಳಲು ಬರುವಂತಿರಲಿಲ್ಲ. ಆದರೆ ಐಸಿಯು ತುಂಬ ಅದೇ ಮಾತು. ಸದಾನಂದ ಅವರು ಬಂದವರೇ ಮೊದಲು ಕೇಳಿದ್ದು, “ಇವತ್ತು ವಿಟಮಿನ್ ಕೊಟ್ರಾ?” ಕೊಟ್ಟೆವು ಎಂದೆ. ಅವರು ಮಗಳನ್ನು ಕರೆದುಕೊಂಡು ಬೇಗನೆ ಹೊರಟರು. ಹೋಟೆಲಿನಲ್ಲಿ ಸಂಜೆಯ ಗಿರಾಕಿಗಳ ಹೊತ್ತು, ಕೌಂಟರಿನಲ್ಲಿ ಕೂರಬೇಕು ಎಂದರು. ಹಗುರಾಗಿ ನಡೆದುಹೋದರು. ಅವರನ್ನು ಹಾಗೆ ಕಳಿಸಿದ್ದಕ್ಕೆ ನನಗೂ ಸಮಾಧಾನವಾಯಿತು.

ಶನಿವಾರ, ಐದನೆಯ ದಿನ. ಸ್ಟೀರಾಯ್ಡ್ ಕೊಟ್ಟರೆ ಸಕ್ಕರೆ ಏರುತ್ತದೆ, ಅದೂ ಮಧುಮೇಹಿಗಳಲ್ಲಿ. ಅದಕ್ಕೆ ಪಂಪಿನಲ್ಲಿ ಇನ್ಸುಲಿನ್ ಹರಿಯುತ್ತಿತ್ತು. ಬೆಳಿಗ್ಗೆ ಏಳರಿಂದ ಬೆರಳತುದಿಯ ರಕ್ತ ನೋಡುವ ಗ್ಲುಕೋಮೀಟರ್ 260 ತೋರಿಸಿತು, ಆಮೇಲೆ 290, ಆಮೇಲೆ 318. ನಿಯಮದ ಪಟ್ಟಿಯಲ್ಲಿದ್ದಂತೆ ಪ್ರತಿ ಗಂಟೆ ಇನ್ಸುಲಿನ್ ಏರಿಸಿದರು. ಗಂಟೆಗೆ ಎರಡು ಯೂನಿಟ್ ಇದ್ದದ್ದು ಎಂಟಾಯಿತು. ಪ್ರತಿ ಸಲವೂ ಹಾಳೆಯ ಮೇಲೆ ನನ್ನ ಸಹಿ ಇದೆ.

ಹನ್ನೊಂದು ಗಂಟೆಗೆ ಶೀತಲ್ ಎಂಬ ನರ್ಸ್ ನನ್ನನ್ನು ಕರೆದಳು. ಕಲ್ಯಾಣದ ಹುಡುಗಿ, ವನಜಾ ಸಿಸ್ಟರ್ ಕೈಕೆಳಗೆ ಎರಡು ವರ್ಷ ಪಳಗಿದವಳು. “ಮೇಡಂ, ಮೀಟರ್ ಮುನ್ನೂರು ಅನ್ನುತ್ತಿದೆ. ಆದರೆ ಸಿಸ್ಟರ್ ಮೈಯೆಲ್ಲ ತಣ್ಣಗೆ ಬೆವರುತ್ತಿದೆ. ನಾನು ಲ್ಯಾಬಿಗೆ ಸ್ಯಾಂಪಲ್ ಕಳಿಸಿದ್ದೇನೆ,” ಎಂದಳು ಮರಾಠಿಯಲ್ಲಿ. ತಣ್ಣನೆಯ ಬೆವರು ಸಕ್ಕರೆ ತೀರ ಇಳಿದಾಗ ಬರುವ ಲಕ್ಷಣ. ಎಚ್ಚರವಿರುವ ರೋಗಿಯಾಗಿದ್ದರೆ ತಲೆ ಸುತ್ತುತ್ತಿದೆ ಎನ್ನುತ್ತಿದ್ದರು. ಇವರು ನಿದ್ರೆಯ ಔಷಧಿಯಲ್ಲಿದ್ದರು, ಹೇಳುವಂತಿರಲಿಲ್ಲ. ಹತ್ತು ನಿಮಿಷಕ್ಕೆ ಲ್ಯಾಬಿನಿಂದ ಫೋನ್ ಬಂತು.

ಮೂವತ್ತೊಂದು.

ಎಪ್ಪತ್ತರ ಕೆಳಗೆ ಅಪಾಯ. ಮೂವತ್ತೊಂದರಲ್ಲಿ ಮಿದುಳು ಉಪವಾಸ ಬೀಳುತ್ತದೆ. ಇನ್ಸುಲಿನ್ ನಿಲ್ಲಿಸಿ, ಕೈಯಲ್ಲಿದ್ದ ಗ್ಲೂಕೋಸನ್ನೆಲ್ಲ ರಕ್ತನಾಳಕ್ಕೆ ಕೊಟ್ಟೆವು. ಶೀತಲ್ ಸಿರಿಂಜ್ ತಳ್ಳುತ್ತಿದ್ದಳು, ನಾನು ಇನ್ನೊಂದು ತುಂಬಿಸುತ್ತಿದ್ದೆ. ಮತ್ತೆ ಲ್ಯಾಬಿಗೆ ಕಳಿಸಿದ ಸ್ಯಾಂಪಲಿನಲ್ಲಿ ಸಕ್ಕರೆ ನೂರು ದಾಟಿತ್ತು. ಅದು ಎಷ್ಟು ಹೊತ್ತು ಅಷ್ಟು ಕೆಳಗಿತ್ತು ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ಮೂವತ್ತೊಂದರ ಹಿಂದಿನ ಲ್ಯಾಬ್ ವರದಿ ಬೆಳಿಗ್ಗೆ ಆರರದು. ಆಗ ಸರಿಯಿತ್ತು. ಆರರಿಂದ ಹನ್ನೊಂದರ ನಡುವೆ ಎಲ್ಲೋ.

ಕಾರಣ ಮಧ್ಯಾಹ್ನವೇ ಗೊತ್ತಾಯಿತು. ಕೆಲವು ಗ್ಲುಕೋಮೀಟರುಗಳು ವಿಟಮಿನ್ ಸಿಯನ್ನೂ ಸಕ್ಕರೆಯೆಂದೇ ಓದುತ್ತವೆ. ಕಿಡ್ನಿ ಕೆಲಸ ಮಾಡದ ಕಾರಣ ನಾನು ಕೊಟ್ಟದ್ದು ಹೊರಗೆ ಹೋಗದೆ ರಕ್ತದಲ್ಲೇ ಕೂಡಿಕೊಂಡಿತ್ತು. ಮೀಟರ್ ತೋರಿಸಿದ ಮುನ್ನೂರರಲ್ಲಿ ಹೆಚ್ಚಿನ ಪಾಲು ಸಕ್ಕರೆಯಾಗಿರಲಿಲ್ಲ. ಈ ಸಂಗತಿ ಪುಸ್ತಕಗಳಲ್ಲಿ ಇರಲಿಲ್ಲವೆಂದಲ್ಲ. ಮೀಟರಿನ ಡಬ್ಬಿಯಲ್ಲಿ ಮಡಚಿಟ್ಟ ಕಾಗದದಲ್ಲೇ ಸಣ್ಣ ಅಕ್ಷರಗಳಲ್ಲಿತ್ತು. ನಾನು ಅದನ್ನು ಅಂದು ಮೊದಲ ಬಾರಿಗೆ ಬಿಡಿಸಿ ಓದಿದೆ.

ವಿಟಮಿನ್ ನಿಲ್ಲಿಸಿದೆ. ನಿದ್ರೆಯ ಔಷಧಿಯನ್ನೂ ನಿಲ್ಲಿಸಿದೆ, ಎಚ್ಚರವಾಗುತ್ತಾರೋ ನೋಡಲು. ಆಸ್ಪತ್ರೆಯ ಆಡಳಿತ ನೋಡುವ ಹಿರಿಯ ವೈದ್ಯರಿಗೆ ಎಲ್ಲವನ್ನೂ ಬರೆದುಕೊಟ್ಟೆ. ಅವರು ಕೆಟ್ಟ ಮನುಷ್ಯರಲ್ಲ. “ಮನೆಯವರಿಗೆ ಈಗಲೇ ಹೇಳಬೇಕಾ? ಒಂದು ದಿನ ನೋಡೋಣ. ಎಚ್ಚರವಾದರೆ ಹೇಳುವಂಥದ್ದೇನೂ ಇರುವುದಿಲ್ಲ,” ಎಂದರು. ನಾನು ಒಪ್ಪಿದೆ. ಆ ಸಂಜೆ ಸದಾನಂದ ಅವರು, “ವಿಟಮಿನ್ ಕೊಟ್ರಾ?” ಎಂದಾಗ “ಇವತ್ತು ನಿಲ್ಸೀವಿ, ಬ್ಯಾರೆ ಬದಲಾವಣೆ ಮಾಡಾಕತ್ತೀವಿ,” ಎಂದೆ. ಸುಳ್ಳಲ್ಲ. ಸುಳ್ಳಲ್ಲದ ಮಾತೂ ಎಷ್ಟು ಹೊಲಸಾಗಿರಬಲ್ಲದು ಎಂದು ಅಂದು ತಿಳಿಯಿತು.

ಭಾನುವಾರ ಅವರು ಕಣ್ಣು ತೆರೆಯಲಿಲ್ಲ. ಚಿವುಟಿದರೆ ಕೈ ಎಳೆದುಕೊಳ್ಳಲಿಲ್ಲ. ಬೆಳಗಿನ ಭೇಟಿಯ ಹೊತ್ತಿಗೆ ಸದಾನಂದ ಮತ್ತು ಪ್ರಜ್ಞಾರನ್ನು ನನ್ನ ಕೋಣೆಗೆ ಕರೆದು ಕೂರಿಸಿದೆ. ಶನಿವಾರ ನಡೆದದ್ದನ್ನೆಲ್ಲ ಗಂಟೆ, ಸಂಖ್ಯೆ ಸಮೇತ ಹೇಳಿದೆ. ವಿಟಮಿನ್ ಬರೆದದ್ದು ನಾನೇ, ಮೀಟರನ್ನು ನಂಬಿದ್ದೂ ನಾನೇ, ಹೇಳಲು ಒಂದು ದಿನ ತಡಮಾಡಿದ್ದೂ ನಾನೇ ಎಂದೆ. ಎಚ್ಚರವಾಗದಿರುವುದು ಸೆಪ್ಸಿಸ್‌ನಿಂದಲೂ ಇರಬಹುದು, ಸಕ್ಕರೆ ಇಳಿದದ್ದರಿಂದಲೂ ಇರಬಹುದು, ಬೇರ್ಪಡಿಸಿ ಹೇಳುವ ದಾರಿ ಇಲ್ಲ ಎಂದೆ.

ಮೊದಲು ಕೇಳಿದ್ದು ಸದಾನಂದ ಅವರು.

“ಅವಳಿಗೆ ಆವಾಗ ಗೊತ್ತಾಗ್ತಿತ್ತಾ?”

“ಇಲ್ರಿ. ನಿದ್ದಿ ಔಷಧ ನಡದಿತ್ತು.”

“ನೀವು ಹೇಳದಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ.”

“ಹೌದ್ರಿ.”

“ಗೊತ್ತಾಗದಿದ್ರೆ ಒಳ್ಳೆದಿತ್ತು ಅಂತ ಈಗ ಅನಿಸ್ತದೆ ಮೇಡಂ. ನಾಳೆ ಬೇರೆ ಅನಿಸ್ಲೂಬಹುದು.” ಕರ್ಚೀಫಿನಿಂದ ಮುಖ ಒರೆಸಿಕೊಂಡರು. ಅಲ್ಲಿಯವರೆಗೂ ದನಿ ಏರಿರಲಿಲ್ಲ, ಆಮೇಲೂ ಏರಲಿಲ್ಲ. “ವಿಟಮಿನಿಗೆ ಗುಣ ಆಗ್ತದೆ ಅಂತ ನಾನು ರಜೆ ಉಳಿಸಿಟ್ಟಿದ್ದೆ. ಮನೆಗೆ ಬಂದ ಮೇಲೆ ನೋಡ್ಕೊಳ್ಳಿಕ್ಕೆ ಜನ ಬೇಕಲ್ಲ ಅಂತ. ಶುಕ್ರವಾರ ಕೂಡ ಇಲ್ಲಿ ಕೂರದೆ ಕೌಂಟರಿಗೆ ಹೋದೆ.”

ನಾನು ಆ ಸಂಭಾಷಣೆಗೆ ತಯಾರಾಗಿ ಬಂದಿದ್ದೆ. ಬೈಗುಳಕ್ಕೆ, ಪೊಲೀಸ್ ದೂರಿಗೆ, ಅಳುವಿಗೆ. ಈ ಮಾತಿಗೆ ತಯಾರಾಗಿರಲಿಲ್ಲ.

ಪ್ರಜ್ಞಾಳ ತಾಯಿ ಹೇಳಿದಂತೆ ನಾನು ಎಲ್ಲವನ್ನೂ ಕನ್ನಡದಲ್ಲೇ ಹೇಳಿದ್ದೆ, ಅವಳಿಗೆ ಎಲ್ಲವೂ ಅರ್ಥವಾಗಿತ್ತು. ಮೆಲ್ಲಗೆ ಕೇಳಿದಳು, “ಮಗ್ ಆತಾ ಕಾಯ್ ಕರಾಯ್‌ಚಂ?” ಹಾಗಾದರೆ ಈಗ ಏನು ಮಾಡುವುದು ಎಂದು. ಲ್ಯಾಬಿನಲ್ಲಿ ಕೆಲಸ ಮಾಡುವ ಹುಡುಗಿ, ಮುಂದಿನ ಹೆಜ್ಜೆ ಯಾವುದು ಎಂದು ಕೇಳುತ್ತಿದ್ದಳು. ಒಳಗೆ ಹೋಗಿ ಅಮ್ಮನ ಹತ್ತಿರ ಕುಳಿತುಕೊಳ್ಳಿ ಎಂದೆ. ಭೇಟಿಯ ಸಮಯದ ನಿಯಮ ಅವರಿಗೆ ಅನ್ವಯಿಸುವುದಿಲ್ಲ ಎಂದು ಬಾಗಿಲಲ್ಲಿ ಹೇಳಿಸಿದೆ.

ಸೋಮವಾರ ಸಿ.ಟಿ. ಸ್ಕ್ಯಾನ್‌ನಲ್ಲಿ ಮಿದುಳು ಊದಿರುವುದು ಕಂಡಿತು. ಅದೇ ದಿನ ಜ್ವರ ಮತ್ತೆ ಏರಿತು, ಬಿ.ಪಿ. ಮತ್ತೆ ಇಳಿಯಿತು. ಸರ್ಜನ್ ಇನ್ನೊಮ್ಮೆ ಹೊಟ್ಟೆ ತೆರೆಯುವ ಮಾತಾಡಿ, ಅವರೇ ಬೇಡವೆಂದರು. ತಂದೆ ಮಗಳು ಹಾಸಿಗೆಯ ಎರಡು ಬದಿಯಲ್ಲಿ ಕುಳಿತಿರುತ್ತಿದ್ದರು. ಸದಾನಂದ ಅವರು ಹೆಂಡತಿಯ ಕಿವಿಯ ಹತ್ತಿರ ಬಾಗಿ ತುಳುವಿನಲ್ಲಿ ಏನೇನೋ ಹೇಳುತ್ತಿದ್ದರು. ತುಳು ನನಗೆ ಬರುವುದಿಲ್ಲ. ನಡುವೆ ಪ್ರಜ್ಞಾಳ ಹೆಸರು ಬಂದದ್ದು ಮಾತ್ರ ತಿಳಿಯುತ್ತಿತ್ತು. ನಮ್ಮ ನರ್ಸುಗಳು ದಿನಕ್ಕೆರಡು ಸಲ ಅವರ ಮೈ ಒರೆಸಿ, ತಲೆ ಬಾಚಿ, ಜಡೆ ಹೆಣೆಯುತ್ತಿದ್ದರು. ಐಸಿಯುವಿನಲ್ಲಿ ಯಾರಿಗೂ ಜಡೆ ಹೆಣೆಯುವ ಪದ್ಧತಿ ಇಲ್ಲ.

ಬುಧವಾರ, ಒಂಬತ್ತನೆಯ ದಿನ, ಮಧ್ಯಾಹ್ನ ಹನ್ನೆರಡೂ ಮುಕ್ಕಾಲಿಗೆ ಅವರ ಹೃದಯ ನಿಂತಿತು. ಎದೆ ಒತ್ತುವುದು ಬೇಡವೆಂದು ಮನೆಯವರು ಮೊದಲೇ ತೀರ್ಮಾನಿಸಿದ್ದರು. ಶೀತಲ್ ಮಾನಿಟರಿನ ಸದ್ದು ಬಂದ್ ಮಾಡಿದಳು. ಸಾವಿನ ಸಮಯ ನಾನು ಬರೆದೆ.

ವಿಚಾರಣೆ ನಡೆಯಿತು. ಮೀಟರುಗಳನ್ನು ಬದಲಿಸಿದರು, ಇನ್ಸುಲಿನ್ ಪಂಪಿನಲ್ಲಿರುವವರ ಸಕ್ಕರೆಯನ್ನು ಲ್ಯಾಬಿನಲ್ಲಿ ಹೋಲಿಸಿ ನೋಡಬೇಕೆಂಬ ನಿಯಮ ಬಂತು. ಸದಾನಂದ ಅವರು ದೂರು ಕೊಡಲಿಲ್ಲ. ಕೇಸ್ ಪೇಪರಿನ ಪ್ರತಿ ಮಾತ್ರ ಪ್ರಜ್ಞಾ ಬಂದು ಒಯ್ದಳು. ಹದಿನೈದು ದಿನ ಬಿಟ್ಟು ವಾಪಸ್ ಬಂದು, ಲಾಬಿಯಲ್ಲಿ ನಿಂತೇ, ಮೂರು ಪ್ರಶ್ನೆ ಕೇಳಿದಳು. ಮೂರೂ ಸರಿಯಾದ ಪ್ರಶ್ನೆಗಳು. ಎರಡಕ್ಕೆ ಉತ್ತರ ಕೊಟ್ಟೆ. ಮೂರನೆಯದು, ವಿಟಮಿನ್ ಕೊಡದೇ ಇದ್ದಿದ್ದರೆ ಅಮ್ಮ ಉಳಿಯುತ್ತಿದ್ದಳಾ ಎಂಬುದು. ಗೊತ್ತಿಲ್ಲ ಎಂದೆ. ಆಮೇಲೆ ಆ ಕುಟುಂಬದ ಸಂಪರ್ಕ ಉಳಿಯಲಿಲ್ಲ.

ಮುಂದಿನ ವರ್ಷಗಳಲ್ಲಿ ದೊಡ್ಡ ಪರೀಕ್ಷೆಗಳ ಫಲಿತಾಂಶಗಳು ಒಂದೊಂದಾಗಿ ಬಂದವು. ಸೆಪ್ಸಿಸ್‌ನಲ್ಲಿ ವಿಟಮಿನ್ ಸಿಯಿಂದ ನಾವು ನಿರೀಕ್ಷಿಸಿದ ಲಾಭ ಕಾಣಲಿಲ್ಲ. ಕೆಡುಕಿನ ಸೂಚನೆಯೂ ಒಂದು ಕಡೆ ಕಂಡಿತು. ಆಂಟಿಆಕ್ಸಿಡೆಂಟ್‌ಗಳ ಸಂಶೋಧನೆ ಇನ್ನೂ ನಡೆಯುತ್ತಿದೆ, ನಡೆಯಬೇಕು. ಅದರ ವಿಜ್ಞಾನ ಪೊಳ್ಳಲ್ಲ. ಪ್ರಯೋಗಾಲಯದಲ್ಲಿ ಸರಿಯಾಗಿ ಕಾಣುವುದು ಹಾಸಿಗೆಯ ಮೇಲಿನ ಮನುಷ್ಯನಿಗೆ ಸರಿಹೋಗಬೇಕೆಂದಿಲ್ಲ, ಅಷ್ಟೆ. ಇದನ್ನು ನಾನು ಎಂ.ಡಿ. ಓದುವಾಗಲೇ ಬಾಯಿಪಾಠ ಮಾಡಿದ್ದೆ.

ವೃತ್ತಿ ನನಗೆ ಕಲಿಸಿದ್ದು ಅದಕ್ಕಿಂತ ಸರಳವಾದದ್ದು. ಆ ಗುರುವಾರ ಸಂಜೆ ನಾನು ಔಷಧಿ ಬರೆದದ್ದು ವನಜಾ ಸಿಸ್ಟರ್‌ಗಲ್ಲ, ನನ್ನ ಕೈ ಖಾಲಿಯಾಗಿದೆ ಎಂದು ಒಪ್ಪಿಕೊಳ್ಳಲಾಗದ ನನಗೆ. ನನ್ನ ಸಮಾಧಾನಕ್ಕೆ ಅವರ ಗಂಡ ತೆತ್ತದ್ದು ಮೂರು ದಿನಗಳನ್ನು, ಹೆಂಡತಿಯ ಪಕ್ಕ ಕುಳಿತುಕೊಳ್ಳಬಹುದಾಗಿದ್ದ ಮೂರು ದಿನಗಳನ್ನು.

ನಿವೃತ್ತಿಗೆ ಕೆಲವು ತಿಂಗಳ ಮುಂಚೆ ಕಲಬುರಗಿ ಕಡೆಯ ಒಬ್ಬರು ಹೆಂಡತಿಯನ್ನು ಕರೆತಂದರು. ತುರ್ಭೆಯಲ್ಲಿ ಲಾರಿಗೆ ಮೂಟೆ ಹೊರುವವರು. ಕರುಳು ತೂತಾಗಿ ನಾಲ್ಕು ದಿನ ಕಳೆದಿತ್ತು. ಆಪರೇಷನ್ ಆಗಿ, ಮೂರನೆಯ ದಿನ ಎಲ್ಲ ಅಂಗಗಳೂ ಸೋಲುತ್ತಿದ್ದವು. ಬಾಗಿಲಲ್ಲಿ ಅವರು ನನ್ನನ್ನು ತಡೆದು ಕೇಳಿದರು, “ಮತ್ತೇನರ ಔಷಧ ಐತೇನ್ರಿ ಡಾಕ್ಟರಮ್ಮ?”

“ಇಲ್ಲಪಾ,” ಎಂದೆ. “ಇದ್ದದ್ದೆಲ್ಲಾ ಕೊಟ್ಟೀವಿ. ಇನ್ನ ನನ್ನ ಹತ್ರ ಏನೂ ಇಲ್ಲ.”

ನಾನು ಅಲ್ಲಿಂದ ಕದಲಲಿಲ್ಲ. ಅವರು ಹೆಗಲ ಮೇಲಿದ್ದ ಟವೆಲ್ ತೆಗೆದು ಕೈಗೆ ಸುತ್ತಿಕೊಂಡರು.

“ಹಂಗಾರ ಒಳಗ ಹೋಗಿ ಆಕಿ ಹಂತ್ಯಾಕ ಕುಂದರ್ಲೇನ್ರಿ?”

ನಾನೇ ಒಂದು ಸ್ಟೂಲ್ ತಂದು ಹಾಸಿಗೆಯ ಪಕ್ಕ ಇಟ್ಟೆ. ಅವರು ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬಂದು ಕುಳಿತರು.